ಪ್ರೊಸೆಸರ್‌ಗೆ ಏರ್ ಕೂಲರೋ ಲಿಕ್ವಿಡ್ ಕೂಲರೋ: ಆಯ್ಕೆಯಿಂದ ಜೋಡಣೆಯವರೆಗೆ ಸಮಗ್ರ ಮಾರ್ಗದರ್ಶಿ

ಹೊಸ ಕಂಪ್ಯೂಟರ್ ಜೋಡಿಸಿಕೊಳ್ಳುವವರು ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಮತ್ತು ಮದರ್‌ಬೋರ್ಡ್‌ಗಳನ್ನು ವಾರಗಟ್ಟಲೆ ತೂಗಿ ನೋಡಿ ಆಯ್ದುಕೊಳ್ಳುತ್ತಾರೆ. ಕೂಲರ್ ಸರದಿ ಬಂದಾಗ ಮಾತ್ರ ಅಂಗಡಿಯವರು ಮುಂದಿಟ್ಟ ಪೆಟ್ಟಿಗೆಗೆ ತಲೆಯಾಡಿಸಿಬಿಡುತ್ತಾರೆ. ಬೆಂಗಳೂರಿನ ಎಸ್.ಪಿ. ರಸ್ತೆಯ ಯಾವುದೇ ಅಂಗಡಿಯಲ್ಲಿ ಬಣ್ಣದ ದೀಪ ಮಿನುಗಿಸುವ ಲಿಕ್ವಿಡ್ ಕೂಲರ್ ಪಕ್ಕದಲ್ಲಿ ಬೂದು ಬಣ್ಣದ ಲೋಹದ ಗೋಪುರದಂಥ ಏರ್ ಕೂಲರ್ ಬಡವಾಗಿ ಕಾಣುವುದು ಸಹಜವೇ. ಆದರೆ ಈ ಆಯ್ಕೆಯನ್ನು ಕೂಲರ್‌ನಿಂದ ಆರಂಭಿಸಬಾರದು. ಪ್ರೊಸೆಸರ್ ಎಷ್ಟು ವ್ಯಾಟ್ ಶಾಖ ಉಗುಳುತ್ತದೆ, ಅದನ್ನು ಎಷ್ಟು ಹೊತ್ತು ಉಗುಳುತ್ತದೆ, ಕೋಣೆ ಎಷ್ಟು ಬಿಸಿ, ಕ್ಯಾಬಿನೆಟ್ಟಿನಲ್ಲಿ ಎಷ್ಟು ಜಾಗ ಎಂಬ ಪ್ರಶ್ನೆಗಳಿಗೆ ಉತ್ತರ ಸಿಕ್ಕ ಮೇಲೆ ಯಾವ ಕೂಲರ್ ಬೇಕೆಂಬುದು ಬಹುಮಟ್ಟಿಗೆ ತಾನಾಗಿಯೇ ನಿರ್ಧಾರವಾಗುತ್ತದೆ.

ಶಾಖ ಹೊರಹೋಗುವ ಬಗೆ

ಪ್ರೊಸೆಸರ್ ಎಳೆದುಕೊಳ್ಳುವ ವಿದ್ಯುತ್ತು ಬಹುತೇಕ ಪೂರ್ತಿಯಾಗಿ ಶಾಖವಾಗುತ್ತದೆ. 150 ವ್ಯಾಟ್ ಎಳೆಯುವ ಪ್ರೊಸೆಸರ್ ಎಂದರೆ 150 ವ್ಯಾಟ್‌ನ ಪುಟ್ಟ ಹೀಟರ್ ಎಂದೇ ತಿಳಿಯಬಹುದು. ಕೂಲರ್ ಯಾವ ಬಗೆಯದೇ ಆಗಿರಲಿ, ಅದು ಈ ಶಾಖವನ್ನು ನಾಣ್ಯಕ್ಕಿಂತಲೂ ಚಿಕ್ಕ ಜಾಗದಿಂದ ಎತ್ತಿ, ವಿಶಾಲವಾದ ಲೋಹದ ಮೇಲ್ಮೈಗೆ ಹರಡಿ, ಅಲ್ಲಿಂದ ಕೋಣೆಯ ಗಾಳಿಗೆ ಬಿಡುತ್ತದೆ. ಅದಕ್ಕಿಂತ ಹೆಚ್ಚಿನದೇನನ್ನೂ ಮಾಡುವುದಿಲ್ಲ.

ಏರ್ ಕೂಲರ್‌ನಲ್ಲಿ ಈ ಸಾಗಾಟವನ್ನು ತಾಮ್ರದ ಹೀಟ್‌ಪೈಪ್‌ಗಳು ಮಾಡುತ್ತವೆ. ನೋಡಲು ಗಟ್ಟಿ ಸರಳುಗಳಂತಿದ್ದರೂ ಅವು ಒಳಗಿನ ಗಾಳಿ ತೆಗೆದು ಮುಚ್ಚಿದ ಟೊಳ್ಳು ಕೊಳವೆಗಳು. ಒಳಗೆ ಅತಿ ಕಡಿಮೆ ಪ್ರಮಾಣದ ನೀರಿರುತ್ತದೆ. ಒತ್ತಡ ಕಡಿಮೆ ಇರುವುದರಿಂದ ಆ ನೀರು 100 ಡಿಗ್ರಿಗೆ ಕಾಯದೆ ಬಹಳ ಮೊದಲೇ ಆವಿಯಾಗಿ, ಮೇಲಿನ ಅಲ್ಯೂಮಿನಿಯಂ ತಗಡುಗಳ ಕಡೆಗೆ ಹೋಗಿ, ಅಲ್ಲಿ ಶಾಖ ಬಿಟ್ಟುಕೊಟ್ಟು ಮತ್ತೆ ಹನಿಯಾಗುತ್ತದೆ. ಆ ಹನಿಗಳನ್ನು ಕೊಳವೆಯ ಒಳಗೋಡೆಯಲ್ಲಿರುವ ಸೂಕ್ಷ್ಮರಂಧ್ರಗಳ ಪದರವು ದೀಪದ ಬತ್ತಿ ಎಣ್ಣೆಯನ್ನು ಹೀರುವ ಹಾಗೆ ಹೀರಿ ತಳಕ್ಕೆ ಮರಳಿಸುತ್ತದೆ. ಹಾಗಾಗಿ ‘ಏರ್’ ಕೂಲರ್‌ನ ಒಳಗೂ ನೀರೇ ದುಡಿಯುತ್ತಿರುತ್ತದೆ, ಆದರೆ ಅದಕ್ಕೆ ಪಂಪ್ ಬೇಕಿಲ್ಲ. ‘ಲಿಕ್ವಿಡ್’ ಕೂಲರ್‌ನ ಕೊನೆಯಲ್ಲಿಯೂ ಶಾಖ ಹೋಗಿ ಸೇರುವುದು ಗಾಳಿಗೇ. ಅಲ್ಲಿ ಪ್ರೊಸೆಸರ್ ಮೇಲೆ ಕೂರುವ ತಾಮ್ರದ ತಟ್ಟೆ, ಸಾಮಾನ್ಯವಾಗಿ ಅದರ ಮೇಲೆಯೇ ಇರುವ ಪಂಪ್, ಎರಡು ಕೊಳವೆಗಳು, ರೇಡಿಯೇಟರ್ ಮತ್ತು ಅದಕ್ಕೆ ಗಾಳಿ ಬೀಸುವ ಫ್ಯಾನ್‌ಗಳು ಸೇರಿ ಒಂದು ಮುಚ್ಚಿದ ವರ್ತುಲವಾಗಿರುತ್ತವೆ. ಕಾರ್ಖಾನೆಯಲ್ಲಿಯೇ ದ್ರವ ತುಂಬಿ ಬರುವ ಇಂಥವನ್ನು ಅಂಗಡಿಗಳಲ್ಲಿ ಎಐಒ (ಆಲ್-ಇನ್-ಒನ್) ಎನ್ನುತ್ತಾರೆ. ಕೊಳವೆಗಳನ್ನು ತಾವೇ ಜೋಡಿಸಿ ದ್ರವ ತುಂಬಿಸಿಕೊಳ್ಳುವ ಕಸ್ಟಮ್ ಲೂಪ್ ಬೇರೆಯೇ ಹವ್ಯಾಸವಾದ್ದರಿಂದ ಈ ಬರಹ ಅದರ ತಂಟೆಗೆ ಹೋಗುವುದಿಲ್ಲ.

ನೀರು ಎಂದೊಡನೆ ತಂಪು ಎಂದು ಭಾವಿಸುವುದು ನಮ್ಮಲ್ಲಿ ವಾಡಿಕೆ. ಮಣ್ಣಿನ ಮಡಕೆಯ ನೀರು ಕೋಣೆಗಿಂತ ತಂಪಾಗಿರುತ್ತದೆ, ಬೇಸಿಗೆಯಲ್ಲಿ ಕಿಟಕಿಗೆ ಇಡುವ ನೀರಿನ ಕೂಲರ್ ಕೋಣೆಯನ್ನು ತಂಪಾಗಿಸುತ್ತದೆ. ಇವೆರಡೂ ಸಾಧ್ಯವಾಗುವುದು ನೀರು ಹೊರಗಿನ ಗಾಳಿಗೆ ಆವಿಯಾಗಿ ಹೋಗುವುದರಿಂದ. ಎಐಒ ಒಳಗಿನ ದ್ರವಕ್ಕೆ ಹೊರಹೋಗುವ ದಾರಿಯಿಲ್ಲ. ಆದ್ದರಿಂದ ಅದು ಎಂದಿಗೂ ಕೋಣೆಯ ಉಷ್ಣಾಂಶಕ್ಕಿಂತ ಕೆಳಗೆ ಇಳಿಯಲಾರದು. ಕೋಣೆ 38 ಡಿಗ್ರಿ ಇದ್ದರೆ ಎಷ್ಟೇ ದುಬಾರಿ ರೇಡಿಯೇಟರ್ ಆದರೂ ಅದರ ಲೆಕ್ಕ 38ರಿಂದಲೇ ಶುರು.

ಹಾಗಾದರೆ ದ್ರವದ ನಿಜವಾದ ಲಾಭಗಳು ಎರಡು. ಒಂದು, ಶಾಖವನ್ನು ಪ್ರೊಸೆಸರ್‌ನಿಂದ ದೂರ ಸಾಗಿಸಿ, ಕ್ಯಾಬಿನೆಟ್ಟಿನ ಅಂಚಿನಲ್ಲಿ, ಗೋಪುರಕ್ಕಿಂತ ದೊಡ್ಡ ಮೇಲ್ಮೈಯಿಂದ ಹೊರಹಾಕಬಹುದು. ಇನ್ನೊಂದು, ನೀರು ತಡವಾಗಿ ಕಾಯುತ್ತದೆ. ಒಲೆಯ ಮೇಲಿನ ಕಾವಲಿ ಕ್ಷಣದಲ್ಲಿ ಕಾಯುತ್ತದೆ, ಬಚ್ಚಲುಮನೆಯ ಹಂಡೆ ಕಾಯಲು ಹೊತ್ತು ಹಿಡಿಯುತ್ತದೆ. ಹಾಗೆಯೇ ಕೆಲವು ನಿಮಿಷಗಳ ಕೆಲಸದ ಭಾರವನ್ನು ಎಐಒ ಸದ್ದಿಲ್ಲದೆ ನುಂಗಿಕೊಳ್ಳುತ್ತದೆ. ಒಮ್ಮೆ ಹಂಡೆ ಕಾದ ಮೇಲೆ ಈ ಎರಡನೆಯ ಲಾಭ ಮುಗಿಯುತ್ತದೆ, ಮೊದಲನೆಯದು ಮಾತ್ರ ಉಳಿಯುತ್ತದೆ.

ಮೊದಲ ಹೆಜ್ಜೆ: ಪ್ರೊಸೆಸರ್‌ನ ನಿಜವಾದ ವ್ಯಾಟ್ ಕಂಡುಕೊಳ್ಳಿ

ಪೆಟ್ಟಿಗೆಯ ಮೇಲಿನ ಟಿಡಿಪಿ (ಕೂಲರ್ ಹೊರಹಾಕಬೇಕಾದ ಶಾಖದ ಅಂದಾಜು) ಅಂಕಿಯನ್ನು ನಂಬಿ ಕೂಲರ್ ಕೊಳ್ಳಬೇಡಿ. ಎಎಂಡಿ ಕಂಪನಿಯ ಎಎಂ5 ಸಾಕೆಟ್‌ನ (ಸಾಕೆಟ್ ಎಂದರೆ ಮದರ್‌ಬೋರ್ಡ್‌ನಲ್ಲಿ ಪ್ರೊಸೆಸರ್ ಕೂರುವ ಜಾಗ) ಪ್ರೊಸೆಸರ್‌ಗಳಲ್ಲಿ ಸಾಕೆಟ್ ಮೂಲಕ ಎಳೆಯಬಹುದಾದ ಗರಿಷ್ಠ ವಿದ್ಯುತ್ತು ಟಿಡಿಪಿಯ ಸುಮಾರು 1.35 ಪಟ್ಟು ಇರುತ್ತದೆ: 65 ವ್ಯಾಟ್ ಎಂದು ಬರೆದಿರುವ ರೈಜನ್ 5 7600 ವಾಸ್ತವದಲ್ಲಿ 88 ವ್ಯಾಟ್‌ವರೆಗೆ, 120 ವ್ಯಾಟ್‌ನ ರೈಜನ್ 7 7800ಎಕ್ಸ್3ಡಿ 162 ವ್ಯಾಟ್‌ವರೆಗೆ, 170 ವ್ಯಾಟ್‌ನ ರೈಜನ್ 9 7950ಎಕ್ಸ್ 230 ವ್ಯಾಟ್‌ವರೆಗೆ ಹೋಗಬಹುದು. ಇಂಟೆಲ್ ತನ್ನ 12ನೆಯ ಪೀಳಿಗೆಯಿಂದ ಮೂಲ ವಿದ್ಯುತ್ತು ಮತ್ತು ಗರಿಷ್ಠ ವಿದ್ಯುತ್ತು ಎಂಬ ಎರಡು ಅಂಕಿಗಳನ್ನು ಕೊಡುತ್ತದೆ. ಕೋರ್ ಐ5-12400ಕ್ಕೆ ಅವು 65 ಮತ್ತು 117 ವ್ಯಾಟ್, ಕೋರ್ ಐ9-14900ಕೆಗೆ 125 ಮತ್ತು 253 ವ್ಯಾಟ್. ನೀವು ಗಮನಿಸಬೇಕಾದದ್ದು ದೊಡ್ಡ ಅಂಕಿಯನ್ನು. ಕೆಲವು ಮದರ್‌ಬೋರ್ಡ್‌ಗಳು ಕಾರ್ಖಾನೆಯಿಂದ ಬರುವಾಗಲೇ ಆ ಮಿತಿಯನ್ನೂ ಸಡಿಲಿಸಿರುವುದುಂಟು. ಅಂಥವುಗಳಲ್ಲಿ ಬಯಾಸ್ (ಮದರ್‌ಬೋರ್ಡ್‌ನ ಮೂಲ ಸೆಟ್ಟಿಂಗ್‌ಗಳ ಪರದೆ) ತೆರೆದು ಇಂಟೆಲ್ ಸೂಚಿಸಿದ ಮಿತಿಗೆ ಮರಳಿಸುವುದೇ ಮೊದಲ ಕೆಲಸವಾಗಬೇಕು.

ಗರಿಷ್ಠ ಅಂಕಿಯಷ್ಟೇ ಮುಖ್ಯವಾದದ್ದು ಕೆಲಸದ ಬಗೆ. ಗೇಮ್ ಆಡುವಾಗ ಪ್ರೊಸೆಸರ್ ತನ್ನ ಪೂರ್ಣ ಮಿತಿಯನ್ನು ಮುಟ್ಟುವುದು ಅಪರೂಪ. 7800ಎಕ್ಸ್3ಡಿ ಬಹುತೇಕ ಆಟಗಳಲ್ಲಿ 100 ವ್ಯಾಟ್ ಒಳಗೇ ಇರುತ್ತದೆ. ವಿಡಿಯೊ ಎನ್‌ಕೋಡಿಂಗ್, ತ್ರೀಡಿ ರೆಂಡರಿಂಗ್, ದೊಡ್ಡ ಸಾಫ್ಟ್‌ವೇರ್ ಕಂಪೈಲ್ ಮಾಡುವುದು ಮುಂತಾದ ಕೆಲಸಗಳು ಪ್ರೊಸೆಸರ್‌ನ ಎಲ್ಲ ಕೋರ್‌ಗಳನ್ನೂ (ಲೆಕ್ಕ ಮಾಡುವ ಘಟಕಗಳನ್ನು) ತಾಸುಗಟ್ಟಲೆ ದುಡಿಸುತ್ತವೆ. ಒಂದೇ ಪ್ರೊಸೆಸರ್ ಕೊಂಡ ಇಬ್ಬರಿಗೆ ಬೇರೆ ಬೇರೆ ಕೂಲರ್ ಸರಿಯಾಗುವುದು ಈ ಕಾರಣಕ್ಕೆ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ, ಅದನ್ನು ಅರಿಯದೆ ಹಣ ಕಳೆದುಕೊಳ್ಳುವವರು ಬಹಳ. ರೈಜನ್ 7000 ಸರಣಿಯಲ್ಲಿ ಕೋರ್‌ಗಳಿರುವ ಸಿಲಿಕಾನ್ ತುಣುಕಿನ ವಿಸ್ತಾರ ಸುಮಾರು 70 ಚದರ ಮಿಲಿಮೀಟರ್ ಮಾತ್ರ. ಅಷ್ಟು ಇಕ್ಕಟ್ಟಾದ ಜಾಗದಿಂದ ಶಾಖವು ಮೇಲಿನ ಲೋಹದ ಮುಚ್ಚಳಕ್ಕೆ ಬರುವುದೇ ತಡವಾಗುತ್ತದೆ; ಮುಚ್ಚಳದ ಮೇಲೆ ಎಂಥ ಕೂಲರ್ ಕೂರಿಸಿದರೂ ಕೆಳಗಿನ ಆ ಇಕ್ಕಟ್ಟು ಹಾಗೆಯೇ ಉಳಿಯುತ್ತದೆ. ಈ ಸರಣಿಯಲ್ಲಿ ಹೆಸರಿನ ಕೊನೆಗೆ ಎಕ್ಸ್ ಇರುವ ಮಾದರಿಗಳು ಪೂರ್ಣ ಭಾರದಲ್ಲಿ 95 ಡಿಗ್ರಿಯವರೆಗೆ ಏರಿ ಅಲ್ಲಿಯೇ ನಿಂತು ಕೆಲಸ ಮಾಡುವಂತೆಯೇ ರೂಪಿಸಲ್ಪಟ್ಟಿವೆ ಎಂದು ಎಎಂಡಿ ಹೇಳಿದೆ. ಪರದೆಯ ಮೇಲೆ 95 ಕಂಡು ಗಾಬರಿಯಾಗಿ ಏರ್ ಕೂಲರ್ ಕಿತ್ತು ಮೂರು ಫ್ಯಾನ್‌ಗಳ 360 ಮಿಲಿಮೀಟರ್ ಎಐಒ ಹಾಕಿದವರಿಗೆ ಮತ್ತೆ 95ರ ಸುತ್ತಲಿನ ಅಂಕಿಯೇ ಕಾಣಬಹುದು. ವೇಗ ಒಂದಿಷ್ಟು ಹೆಚ್ಚಿರುತ್ತದೆ ಅಷ್ಟೆ.

ಎರಡನೆಯ ಹೆಜ್ಜೆ: ನಿಮ್ಮ ಕೋಣೆಯ ಬೇಸಿಗೆಯನ್ನು ಲೆಕ್ಕಕ್ಕೆ ತನ್ನಿ

ಕೂಲರ್ ವಿಮರ್ಶೆಗಳ ಅಂಕಿಗಳು ಸಾಮಾನ್ಯವಾಗಿ 20ರಿಂದ 25 ಡಿಗ್ರಿಯ ಹವಾನಿಯಂತ್ರಿತ ಕೋಣೆಯಲ್ಲಿ ಪಡೆದವು. ಆದ್ದರಿಂದ ಪ್ರೊಸೆಸರ್‌ನ ಉಷ್ಣಾಂಶವನ್ನು ನೋಡುವ ಬದಲು, ಅದು ಕೋಣೆಗಿಂತ ಎಷ್ಟು ಡಿಗ್ರಿ ಮೇಲಿದೆ ಎಂಬ ವ್ಯತ್ಯಾಸವನ್ನು ನೋಡಬೇಕು. ಭಾರ ಮತ್ತು ಫ್ಯಾನ್ ವೇಗ ಅಷ್ಟೇ ಇದ್ದರೆ ಈ ವ್ಯತ್ಯಾಸ ಹೆಚ್ಚುಕಡಿಮೆ ಬದಲಾಗುವುದಿಲ್ಲ. ಉದಾಹರಣೆಗೆ, ವಿಮರ್ಶೆಯಲ್ಲಿ 22 ಡಿಗ್ರಿಯ ಕೋಣೆಯಲ್ಲಿ ಪ್ರೊಸೆಸರ್ 72 ಡಿಗ್ರಿ ಮುಟ್ಟಿದ್ದರೆ ವ್ಯತ್ಯಾಸ 50. ಅದೇ ಜೋಡಣೆ ಏಪ್ರಿಲ್‌ನ ಬೆಂಗಳೂರಿನಲ್ಲಿ 32 ಡಿಗ್ರಿಯ ಕೋಣೆಯಲ್ಲಿ 82 ಮುಟ್ಟುತ್ತದೆ. ಬೇಸಿಗೆಯಲ್ಲಿ ಹೊರಗೆ 40 ದಾಟುವ ಕಲಬುರಗಿ, ರಾಯಚೂರು, ಬಳ್ಳಾರಿಯ ಕಡೆ ಮಧ್ಯಾಹ್ನ ಮೂರು ಗಂಟೆಗೆ ಎಸಿ ಇಲ್ಲದ ತಾರಸಿ ಮನೆಯ ಕೋಣೆ 39 ಡಿಗ್ರಿಯಿದ್ದರೆ 89ಕ್ಕೆ ಏರುತ್ತದೆ, ಅಂದರೆ 7800ಎಕ್ಸ್3ಡಿಗೆ ಎಎಂಡಿ ಹಾಕಿರುವ 89 ಡಿಗ್ರಿಯ ಮಿತಿಗೇ ಬಂದು ನಿಲ್ಲುತ್ತದೆ. ಮಿತಿ ಮುಟ್ಟಿದ ಪ್ರೊಸೆಸರ್ ಸುಟ್ಟುಹೋಗುವುದಿಲ್ಲ, ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಆದರೂ ಹಣ ಕೊಟ್ಟು ಕೊಂಡ ವೇಗ ಕೈಗೆ ಸಿಗದೆ ಹೋಗುತ್ತದೆ.

ಹೀಗಾಗಿ ವಿಮರ್ಶೆಯ ಅಂಕಿಗೆ ಬೇಸಿಗೆಯ ಕೋಣೆಯ ಹೆಚ್ಚುವರಿ ಡಿಗ್ರಿಗಳನ್ನು ಕೂಡಿಸಿ, ಬರುವ ಮೊತ್ತ ಪ್ರೊಸೆಸರ್‌ನ ಮಿತಿಗಿಂತ ಕನಿಷ್ಠ ಐದಾರು ಡಿಗ್ರಿ ಕೆಳಗಿರುವ ಕೂಲರ್ ಆರಿಸಿಕೊಳ್ಳಿ. ಎಸಿ ಇರುವ ಕೋಣೆಯವರಿಗೆ ಈ ಚಿಂತೆ ಕಡಿಮೆ.

ಮೂರನೆಯ ಹೆಜ್ಜೆ: ಕ್ಯಾಬಿನೆಟ್ ಅಳೆಯಿರಿ

ದೊಡ್ಡ ಗೋಪುರದ ಏರ್ ಕೂಲರ್‌ಗಳು 155ರಿಂದ 168 ಮಿಲಿಮೀಟರ್ ಎತ್ತರವಿರುತ್ತವೆ. ಡೀಪ್‌ಕೂಲ್ ಎಕೆ400 ಮತ್ತು ಥರ್ಮಲ್‌ರೈಟ್ ಪೀರ್‌ಲೆಸ್ ಅಸಾಸಿನ್ 120 ಎಸ್‌ಇ 155 ಮಿಲಿಮೀಟರ್, ನಾಕ್ಟುವಾ ಎನ್‌ಎಚ್-ಡಿ15 ಮಾದರಿ 165 ಮಿಲಿಮೀಟರ್. ಕ್ಯಾಬಿನೆಟ್ ಕಂಪನಿಯ ಜಾಲತಾಣದಲ್ಲಿ ಕೂಲರ್‌ಗೆ ಅವಕಾಶವಿರುವ ಗರಿಷ್ಠ ಎತ್ತರ ಬರೆದಿರುತ್ತದೆ. ಎರಡು ಮಿಲಿಮೀಟರ್ ಹೆಚ್ಚಾದರೂ ಪಕ್ಕದ ಗಾಜು ಮುಚ್ಚುವುದಿಲ್ಲ. ಜೋಡಿ ಗೋಪುರದ ಕೂಲರ್‌ನ ಮುಂದಿನ ಫ್ಯಾನ್ ರ್‍ಯಾಮ್ ಮೇಲೆ ಚಾಚಿಕೊಳ್ಳುವುದರಿಂದ ಎತ್ತರದ ಅಲಂಕಾರಿಕ ರ್‍ಯಾಮ್ ಕೊಳ್ಳುವ ಮೊದಲು ಅದನ್ನೂ ಅಳೆಯಬೇಕು.

ಎಐಒ ಕೊಳ್ಳುವವರು ಅಳೆಯಬೇಕಾದದ್ದು ಉದ್ದ ಮತ್ತು ದಪ್ಪ. 240 ಮಿಲಿಮೀಟರ್ ಎಂಬುದು ಎರಡು 120 ಫ್ಯಾನ್‌ಗಳ ಮೊತ್ತವೇ ಹೊರತು ರೇಡಿಯೇಟರ್‌ನ ಉದ್ದವಲ್ಲ; ತುದಿಯ ತೊಟ್ಟಿಗಳನ್ನೂ ಸೇರಿಸಿದರೆ ಅದು ಸುಮಾರು 275, 360 ಮಾದರಿ ಸುಮಾರು 395 ಮಿಲಿಮೀಟರ್ ಆಗುತ್ತದೆ. ಸಾಮಾನ್ಯ ರೇಡಿಯೇಟರ್ 27 ಮಿಲಿಮೀಟರ್ ದಪ್ಪ, ಅದರ ಮೇಲೆ ಫ್ಯಾನ್ 25. ಒಟ್ಟು 52 ಮಿಲಿಮೀಟರ್ ಜಾಗ ಮದರ್‌ಬೋರ್ಡ್‌ನ ಮೇಲಂಚಿಗೂ ಕ್ಯಾಬಿನೆಟ್ ಛಾವಣಿಗೂ ನಡುವೆ ಬೇಕು. ಆರ್ಕ್ಟಿಕ್ ಲಿಕ್ವಿಡ್ ಫ್ರೀಜರ್ 3ರಂಥವು 38 ಮಿಲಿಮೀಟರ್ ದಪ್ಪವಿರುತ್ತವೆ. ತೀರಾ ಚಿಕ್ಕ ಕ್ಯಾಬಿನೆಟ್‌ಗಳಲ್ಲಿ ಗೋಪುರಕ್ಕೆ ಎತ್ತರವೇ ಸಿಗದೆ, ಪಕ್ಕದಲ್ಲಿ 240 ರೇಡಿಯೇಟರ್‌ಗೆ ಜಾಗವಿರುವುದುಂಟು. ಲಿಕ್ವಿಡ್ ಕೂಲರ್ ಕೊಳ್ಳಲು ನನ್ನ ಪ್ರಕಾರ ಅತ್ಯಂತ ಪ್ರಾಮಾಣಿಕವಾದ ಕಾರಣವೆಂದರೆ ಇದೇ.

ಮುಂಭಾಗ ಪೂರ್ತಿ ಗಾಜಿನಿಂದ ಮುಚ್ಚಿದ, ಗಾಳಿಯೇ ಆಡದ ಕ್ಯಾಬಿನೆಟ್ ಆದರೆ ಮೊದಲು ಅದನ್ನು ಬದಲಿಸಿ. ಜಾಲರಿಯ ಮುಖವಿರುವ ಕ್ಯಾಬಿನೆಟ್ ಮತ್ತು ಎರಡು ಹೆಚ್ಚುವರಿ ಫ್ಯಾನ್‌ಗಳು ಕೊಡುವ ಲಾಭ ಕೆಲವೊಮ್ಮೆ ಕೂಲರ್ ಬದಲಾವಣೆಗಿಂತ ಹೆಚ್ಚಿರುತ್ತದೆ.

ನಾಲ್ಕನೆಯ ಹೆಜ್ಜೆ: ನಿರ್ಧಾರ

ಪ್ರೊಸೆಸರ್ 90 ವ್ಯಾಟ್ ಒಳಗಿದ್ದರೆ ಜೊತೆಗೆ ಬಂದ ಪೆಟ್ಟಿಗೆಯ ಕೂಲರ್‌ನಿಂದಲೇ ಕೆಲಸ ಆರಂಭಿಸಬಹುದು. ಅದರ ಸದ್ದು ಸಹಿಸಲಾಗದಿದ್ದರೆ ನಾಲ್ಕು ಹೀಟ್‌ಪೈಪ್‌ಗಳ ಒಂಟಿ ಗೋಪುರ ಸಾಕು. ಇಂಥ ಪ್ರೊಸೆಸರ್‌ಗೆ 360 ಎಐಒ ಹಾಕುವುದು ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಬಿಟ್ಟಂತೆ. 90ರಿಂದ 160 ವ್ಯಾಟ್‌ವರೆಗೆ ಆರು ಹೀಟ್‌ಪೈಪ್‌ಗಳ ಜೋಡಿ ಗೋಪುರ ಆರಾಮವಾಗಿ ನಿಭಾಯಿಸುತ್ತದೆ, ನಮ್ಮ ಬೇಸಿಗೆಯನ್ನೂ ಸೇರಿಸಿ. ಮನೆಯಲ್ಲಿ ಬಳಸುವ ಕಂಪ್ಯೂಟರ್‌ಗಳಲ್ಲಿ ಹೆಚ್ಚಿನವು ಇಷ್ಟರಲ್ಲಿಯೇ ಮುಗಿಯುತ್ತವೆ. 160ರಿಂದ 220ರ ನಡುವೆ ನಿರ್ಧಾರ ನಿಜಕ್ಕೂ ಕಷ್ಟ: ಅತ್ಯುತ್ತಮ ದರ್ಜೆಯ ಏರ್ ಕೂಲರ್ ಮತ್ತು 240 ಅಥವಾ 280 ಎಐಒ ಇಲ್ಲಿ ಹೆಗಲೆಣೆಯಾಗಿ ನಿಲ್ಲುತ್ತವೆ. ಭಾರ ಬಿಟ್ಟು ಬಿಟ್ಟು ಬರುವುದಾದರೆ, ಬೇಕಾಬಿಟ್ಟಿ ಸದ್ದು ಬೇಡವೆಂದಾದರೆ ಎಐಒ ಹಿತವೆನಿಸಬಹುದು. ಹತ್ತು ವರ್ಷ ಮರೆತು ಬಳಸಬೇಕೆಂದರೆ ಏರ್ ಕೂಲರ್ ವಾಸಿ. 220 ವ್ಯಾಟ್ ದಾಟಿ ತಾಸುಗಟ್ಟಲೆ ದುಡಿಸುವವರು 360 ಎಐಒ ಕೊಳ್ಳಬೇಕು, ಅದರಲ್ಲಿ ಚೌಕಾಸಿ ಮಾಡಬಾರದು. ಆದರೂ 253 ವ್ಯಾಟ್‌ನ 14900ಕೆ ಅಂಥ ರೇಡಿಯೇಟರ್ ಅಡಿಯಲ್ಲಿಯೂ 100 ಡಿಗ್ರಿಯ ಅಂಚಿಗೆ ಹೋಗುವುದುಂಟು ಎಂಬುದನ್ನು ತಿಳಿದೇ ಕೊಳ್ಳಬೇಕು.

ಅಗ್ಗದ 120 ಮಿಲಿಮೀಟರ್ ಎಐಒಗಳನ್ನು ನಾನು ಯಾರಿಗೂ ಸೂಚಿಸುವುದಿಲ್ಲ. ಅದೇ ಹಣಕ್ಕೆ ಸಿಗುವ ಗೋಪುರದ ಕೂಲರ್ ಅವುಗಳಿಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ, ಪಂಪ್ ಕೆಡುವ ಭಯವೂ ಇರುವುದಿಲ್ಲ.

ಹಣ ಬಿಚ್ಚುವ ಮುನ್ನ ಇನ್ನೊಂದು ದಾರಿಯನ್ನು ಪರೀಕ್ಷಿಸಿ. ಬಯಾಸ್‌ನಲ್ಲಿ ವಿದ್ಯುತ್ತಿನ ಮಿತಿ ಇಳಿಸುವ ಇಕೋ ಮೋಡ್ ಆರಿಸಿ 7950ಎಕ್ಸ್ ಅನ್ನು 105 ವ್ಯಾಟ್ ಟಿಡಿಪಿಗೆ ಇಳಿಸಿದರೆ ಅದರ ಗರಿಷ್ಠ ಎಳೆತ 230ರಿಂದ 142 ವ್ಯಾಟ್‌ಗೆ ಬರುತ್ತದೆ. ಕಳೆದುಕೊಳ್ಳುವ ವೇಗ ಮಾತ್ರ ಆ ಪ್ರಮಾಣಕ್ಕೆ ಹೋಲಿಸಿದರೆ ಬಹಳ ಅಲ್ಪ, ಏಕೆಂದರೆ ಕೊನೆಯ ಕೆಲವು ನೂರು ಮೆಗಾಹರ್ಟ್ಸ್‌ಗಾಗಿಯೇ ವೋಲ್ಟೇಜ್ ವಿಪರೀತ ಏರುತ್ತಿರುತ್ತದೆ. ಇಂಟೆಲ್ ಬೋರ್ಡ್‌ಗಳಲ್ಲಿ ಪಿಎಲ್1 ಮತ್ತು ಪಿಎಲ್2 ಎಂಬ ವಿದ್ಯುತ್ತಿನ ಮಿತಿಗಳನ್ನು ತಗ್ಗಿಸಿ ಇದೇ ಪರಿಣಾಮ ಪಡೆಯಬಹುದು. ಇಂಟೆಲ್‌ನ 13 ಮತ್ತು 14ನೆಯ ಪೀಳಿಗೆಯ ಪ್ರೊಸೆಸರ್ ಇರುವವರು ಬಯಾಸ್ ಅನ್ನು ಹೇಗೂ ಹೊಸದಾಗಿಸಿಕೊಳ್ಳಬೇಕು. ಅತಿಯಾದ ವೋಲ್ಟೇಜ್‌ನಿಂದ ಅವು ಅಸ್ಥಿರವಾಗುತ್ತಿದ್ದುದಕ್ಕೆ 2024ರಲ್ಲಿ ಇಂಟೆಲ್ ಮೈಕ್ರೋಕೋಡ್ (ಪ್ರೊಸೆಸರ್‌ನ ಒಳಗಿನ ತಂತ್ರಾಂಶ) ಮೂಲಕ ಪರಿಹಾರ ಕೊಟ್ಟಿದೆ, ಅದು ಕೂಲರ್ ಬದಲಿಸಿ ನೀಗುವ ದೋಷವಲ್ಲ.

ಐದನೆಯ ಹೆಜ್ಜೆ: ಜೋಡಣೆ

ಕೂಲರ್ ಜೊತೆ ಬಂದ ಬ್ರಾಕೆಟ್ ನಿಮ್ಮ ಸಾಕೆಟ್‌ಗೆ ಹೊಂದುತ್ತದೆಯೇ ನೋಡಿ. ಇಂಟೆಲ್ ಎಲ್‌ಜಿಎ1700ರಲ್ಲಿ ರಂಧ್ರಗಳ ಅಂತರ 78 ಮಿಲಿಮೀಟರ್, ಹಿಂದಿನ ಎಲ್‌ಜಿಎ1200ರಲ್ಲಿ 75. ಆದ್ದರಿಂದ ಹಳೆಯ ಕೂಲರ್‌ಗೆ ಹೊಸ ಬ್ರಾಕೆಟ್ ಬೇಕಾಗುತ್ತದೆ. ಎಎಂಡಿಯ ಹಿಂದಿನ ಸಾಕೆಟ್ ಆದ ಎಎಂ4ರ ಬಹಳಷ್ಟು ಕೂಲರ್‌ಗಳು ಎಎಂ5ಕ್ಕೂ ಹೊಂದುತ್ತವೆ, ಆದರೆ ಬೋರ್ಡ್ ಹಿಂದೆ ತಮ್ಮದೇ ತಟ್ಟೆ ಕೂರಿಸಬೇಕಾದ ಕೂಲರ್‌ಗಳು ಹೊಂದುವುದಿಲ್ಲ, ಏಕೆಂದರೆ ಎಎಂ5ರ ಹಿಂಬದಿಯ ತಟ್ಟೆಯನ್ನು ತೆಗೆಯುವಂತಿಲ್ಲ.

ಪ್ರೊಸೆಸರ್‌ನ ಮುಚ್ಚಳವನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ತಾಗಿಸಿದ ಬಟ್ಟೆಯಿಂದ ಒರೆಸಿ, ನಡುವೆ ಬಟಾಣಿ ಕಾಳಿನಷ್ಟು ಥರ್ಮಲ್ ಪೇಸ್ಟ್ (ಶಾಖ ದಾಟಿಸುವ ಲೇಪ) ಇಡಿ. ದೊಡ್ಡ ಮುಚ್ಚಳವಾದರೆ ಮೂಲೆಗಳ ಕಡೆ ಇನ್ನೂ ನಾಲ್ಕು ಚಿಕ್ಕ ಚುಕ್ಕೆಗಳಿರಲಿ. ಕೂಲರ್‌ನ ತಳಕ್ಕೆ ಅಂಟಿಸಿರುವ ಪ್ಲಾಸ್ಟಿಕ್ ಹಾಳೆಯನ್ನು ಕಿತ್ತಿದ್ದೀರಾ ಎಂದು ಎರಡು ಬಾರಿ ನೋಡಿಕೊಳ್ಳಿ. ಅನುಭವಿಗಳೂ ಮರೆಯುವ ಸಂಗತಿ ಇದು. ತಿರುಪುಗಳನ್ನು ಒಂದೊಂದಾಗಿ ಪೂರ್ತಿ ಬಿಗಿಯದೆ, ಎದುರುಬದುರು ಮೂಲೆಗಳನ್ನು ಸ್ವಲ್ಪ ಸ್ವಲ್ಪವೇ ಬಿಗಿಯುತ್ತ ಬಂದರೆ ಒತ್ತಡ ಸಮವಾಗಿ ಬೀಳುತ್ತದೆ.

ಏರ್ ಕೂಲರ್ ಆದರೆ ಗಾಳಿಯ ದಿಕ್ಕು ಕ್ಯಾಬಿನೆಟ್ ಮುಂಭಾಗದಿಂದ ಹಿಂಭಾಗಕ್ಕೆ ಇರಬೇಕು. ಸಾಮಾನ್ಯವಾಗಿ ಫ್ಯಾನ್‌ನ ತೆರೆದ ಮುಖ ಗಾಳಿಯನ್ನು ಒಳಗೆಳೆಯುತ್ತದೆ, ಅಡ್ಡಪಟ್ಟಿಗಳಿರುವ ಮುಖ ಹೊರದಬ್ಬುತ್ತದೆ. ಎಐಒ ಆದರೆ ಒಂದು ನಿಯಮವನ್ನು ಎಂದಿಗೂ ಮೀರಬಾರದು: ಇಡೀ ವರ್ತುಲದಲ್ಲಿ ಪಂಪ್ ಎಲ್ಲಕ್ಕಿಂತ ಮೇಲೆ ಇರಕೂಡದು. ಒಳಗೆ ಸ್ವಲ್ಪವಾದರೂ ಗಾಳಿ ಇದ್ದೇ ಇರುತ್ತದೆ, ಅದು ಮೇಲಕ್ಕೇ ಹೋಗಿ ಸೇರುತ್ತದೆ. ಪಂಪ್ ಅಲ್ಲಿದ್ದರೆ ಗುಳುಗುಳು ಸದ್ದಿನೊಂದಿಗೆ ಬೇಗ ಸವೆಯುತ್ತದೆ. ರೇಡಿಯೇಟರ್ ಛಾವಣಿಯಲ್ಲಿದ್ದರೆ ಅತ್ಯುತ್ತಮ. ಮುಂಭಾಗದಲ್ಲಿಟ್ಟರೆ ಅದರ ಮೇಲ್ತುದಿ ಪಂಪ್‌ಗಿಂತ ಎತ್ತರದಲ್ಲಿರಲಿ. ಅಲ್ಲಿ ಪ್ರೊಸೆಸರ್‌ಗೆ ತಂಪು ಗಾಳಿ ಸಿಗುತ್ತದೆ, ಆದರೆ ಗ್ರಾಫಿಕ್ಸ್ ಕಾರ್ಡ್‌ಗೆ ಬೆಚ್ಚಗಾದ ಗಾಳಿ ಬೀಳುತ್ತದೆ. ಪಂಪ್‌ನ ತಂತಿಯನ್ನು ಎಐಒ ಪಂಪ್ ಎಂದು ಗುರುತಿಸಿದ ಪಿನ್‌ಗಳಿಗೆ ಸಿಕ್ಕಿಸಿ, ಅದು ಸದಾ ಒಂದೇ ವೇಗದಲ್ಲಿ ಓಡುವಂತಿರಲಿ. ರೇಡಿಯೇಟರ್ ಫ್ಯಾನ್‌ಗಳು ಸಿಪಿಯು ಫ್ಯಾನ್ ಪಿನ್‌ಗಳಿಗೆ. ಅಲ್ಲಿ ಏನೂ ಇಲ್ಲದಿದ್ದರೆ ಅನೇಕ ಬೋರ್ಡ್‌ಗಳು ಫ್ಯಾನ್ ದೋಷವೆಂದು ಹೇಳಿ ಶುರುವಾಗಲು ನಿರಾಕರಿಸುತ್ತವೆ. ಗೋಪುರದ ಕೂಲರ್‌ನ ಫ್ಯಾನ್ ಪಕ್ಕದ ವೋಲ್ಟೇಜ್ ನಿಯಂತ್ರಕ ಭಾಗಗಳಿಗೂ ಒಂದಿಷ್ಟು ಗಾಳಿ ಕೊಡುತ್ತದೆ. ಎಐಒ ಹಾಕಿದಾಗ ಅದು ತಪ್ಪುವುದರಿಂದ ಹಿಂಭಾಗದ ಫ್ಯಾನ್ ಅನ್ನು ಕೈಬಿಡಬೇಡಿ.

ಆರನೆಯ ಹೆಜ್ಜೆ: ಪರೀಕ್ಷೆ

ಉಷ್ಣಾಂಶ, ವ್ಯಾಟ್ ತೋರಿಸುವ ಎಚ್‌ಡಬ್ಲ್ಯೂಇನ್ಫೋ ತಂತ್ರಾಂಶ ತೆರೆದಿಟ್ಟುಕೊಂಡು, ಪ್ರೊಸೆಸರ್‌ಗೆ ಪೂರ್ಣ ಭಾರ ಕೊಡುವ ಸಿನೆಬೆಂಚ್ ಓಡಿಸಿ. ಏರ್ ಕೂಲರ್ ಹತ್ತು ನಿಮಿಷದಲ್ಲಿ ತನ್ನ ನಿಜಬಣ್ಣ ತೋರಿಸುತ್ತದೆ, ಎಐಒಗೆ ಕನಿಷ್ಠ ಅರ್ಧ ಗಂಟೆ ಬೇಕು. ಐದು ನಿಮಿಷದ ಅಂಕಿ ನೋಡಿ ಹಿಗ್ಗಿದರೆ ಹಂಡೆ ಕಾಯುವ ಮೊದಲೇ ನೀರು ತಣ್ಣಗಿದೆ ಎಂದಂತಾಗುತ್ತದೆ. ಉಷ್ಣಾಂಶದ ಜೊತೆಗೆ ವ್ಯಾಟ್ ಮತ್ತು ಗಡಿಯಾರದ ವೇಗವನ್ನೂ ಬರೆದಿಟ್ಟುಕೊಳ್ಳಿ. ಭಾರ ಬಿದ್ದ ಎರಡೇ ಸೆಕೆಂಡಿನಲ್ಲಿ ಉಷ್ಣಾಂಶ ಮಿತಿಗೆ ಜಿಗಿದರೆ ತಟ್ಟೆ ಸರಿಯಾಗಿ ಕೂತಿಲ್ಲ ಅಥವಾ ಪಂಪ್ ತಿರುಗುತ್ತಿಲ್ಲ. ನಿಧಾನವಾಗಿ ಏರುತ್ತ ಹೋಗಿ ನಿಲ್ಲದಿದ್ದರೆ ಕ್ಯಾಬಿನೆಟ್ಟಿನ ಗಾಳಿಯಾಟದಲ್ಲಿ ಕೊರತೆಯಿದೆ. ನಂತರ ಪಕ್ಕದ ಬಾಗಿಲು ತೆಗೆದು ಮತ್ತೊಮ್ಮೆ ಓಡಿಸಿ; ಏಳೆಂಟು ಡಿಗ್ರಿ ಇಳಿದರೆ ತಪ್ಪು ಕೂಲರ್‌ದಲ್ಲ, ಕ್ಯಾಬಿನೆಟ್‌ದು.

ಏಳನೆಯ ಹೆಜ್ಜೆ: ಆರೈಕೆ ಮತ್ತು ಆಯುಷ್ಯ

ಏರ್ ಕೂಲರ್‌ನಲ್ಲಿ ಕೆಡಬಹುದಾದದ್ದು ಫ್ಯಾನ್ ಒಂದೇ, ಅದನ್ನು ಕೆಲವು ನೂರು ರೂಪಾಯಿಗೆ ಬದಲಿಸಬಹುದು. ಎಐಒದಲ್ಲಿ ಪಂಪ್ ಸವೆಯುತ್ತದೆ, ರಬ್ಬರ್ ಕೊಳವೆಗಳ ಮೂಲಕ ದ್ರವ ವರ್ಷವರ್ಷವೂ ಅಣು ಅಣುವಾಗಿ ಸೋರಿಹೋಗುತ್ತದೆ, ತಟ್ಟೆಯ ಸೂಕ್ಷ್ಮ ಕಾಲುವೆಗಳಲ್ಲಿ ಕೆಸರು ಕಟ್ಟುವುದೂ ಉಂಟು. ದ್ರವ ಹೊರಚೆಲ್ಲಿ ಬೋರ್ಡ್ ಹಾಳಾಗುವುದು ಈಗ ಅಪರೂಪವಾದರೂ ಅಸಾಧ್ಯವಲ್ಲ. ವಾರಂಟಿ ಓದುವಾಗ ಸೋರಿಕೆಯಿಂದ ಕೆಟ್ಟ ಇತರ ಭಾಗಗಳಿಗೂ ಪರಿಹಾರವಿದೆಯೇ ಎಂಬ ಸಾಲನ್ನು ಹುಡುಕಿ. ಎಐಒವನ್ನು ಐದಾರು ವರ್ಷ ಬಾಳುವ ವಸ್ತುವೆಂದು ಲೆಕ್ಕ ಹಾಕಿ ಕೊಂಡರೆ ಮುಂದೆ ಬೇಸರವಾಗುವುದಿಲ್ಲ.

ಧೂಳು ಎರಡಕ್ಕೂ ಶತ್ರು. ಮೂರು ತಿಂಗಳಿಗೊಮ್ಮೆ ಜಾಲರಿಗಳನ್ನು ತೊಳೆದು ಒಣಗಿಸಿ, ತಗಡುಗಳ ನಡುವೆ ಬ್ಲೋವರ್‌ನಿಂದ ಗಾಳಿ ಬೀಸಿ. ಆಗ ಫ್ಯಾನ್ ರೆಕ್ಕೆಗಳು ಅಂಕೆಯಿಲ್ಲದೆ ತಿರುಗದಂತೆ ಬೆರಳಿನಿಂದ ಹಿಡಿದಿರಿ. ಕಿಟಕಿಗೆ ಇಟ್ಟ ನೀರಿನ ಕೂಲರ್‌ನ ತೇವದ ಗಾಳಿ ನೇರವಾಗಿ ಕ್ಯಾಬಿನೆಟ್ಟಿಗೆ ಬೀಸದಿರಲಿ, ಧೂಳು ಅಂಟಾಗಿ ಕಟ್ಟಿಕೊಳ್ಳುತ್ತದೆ.

ಬಾಡಿಗೆ ಮನೆ ಬದಲಿಸುವವರು, ಕಂಪ್ಯೂಟರ್ ಅನ್ನು ಬಸ್ಸಿನಲ್ಲೋ ಪಾರ್ಸೆಲ್‌ನಲ್ಲೋ ಊರಿಗೆ ಸಾಗಿಸುವವರು ತೂಕವನ್ನೂ ನೆನೆಯಬೇಕು. ಎನ್‌ಎಚ್-ಡಿ15 ಫ್ಯಾನ್‌ಗಳೊಂದಿಗೆ 1,320 ಗ್ರಾಂ ತೂಗುತ್ತದೆ. ಲಂಬವಾಗಿ ನಿಂತ ಬೋರ್ಡ್‌ಗೆ ಅದು ನೇತುಬಿದ್ದಿರುವಾಗ ರಸ್ತೆಯ ಪ್ರತಿ ಕುಲುಕೂ ತಿರುಪುಗಳ ಮೇಲೆ ಬೀಳುತ್ತದೆ. ಅಂಥ ಪ್ರಯಾಣಕ್ಕೆ ಮುನ್ನ ಕೂಲರ್ ಬಿಚ್ಚಿಡುವುದು ಕ್ಷೇಮ. ಎಎಂ4 ಸಾಕೆಟ್ ಇದ್ದರೆ ಬಿಚ್ಚುವ ಮೊದಲು ಹತ್ತು ನಿಮಿಷ ಭಾರ ಕೊಟ್ಟು ಪೇಸ್ಟ್ ಬೆಚ್ಚಗಾಗಲು ಬಿಡಿ, ಕಂಪ್ಯೂಟರ್ ಆರಿಸಿ ವಿದ್ಯುತ್ ತಂತಿ ಕಿತ್ತ ಮೇಲೆ ಕೂಲರ್ ಅನ್ನು ನೇರವಾಗಿ ಎಳೆಯದೆ ಎಡಬಲಕ್ಕೆ ಮೆಲ್ಲಗೆ ತಿರುಗಿಸಿ ಬಿಡಿಸಿ. ಇಲ್ಲದಿದ್ದರೆ ಅಂಟಿಕೊಂಡ ಪ್ರೊಸೆಸರ್ ಸಾಕೆಟ್‌ನಿಂದ ಕಿತ್ತು ಬಂದು ಅದರ ಪಿನ್‌ಗಳು ಬಾಗಬಹುದು. ಬಿಚ್ಚಿದ ತಿರುಪು, ಬ್ರಾಕೆಟ್, ಉಳಿದ ಪೇಸ್ಟ್ ಎಲ್ಲವನ್ನೂ ಕೂಲರ್‌ನ ಮೂಲ ಪೆಟ್ಟಿಗೆಯಲ್ಲಿ ಒಟ್ಟಿಗೆ ಇಡಿ. ಹೊಸ ಊರಿನಲ್ಲಿ ಮತ್ತೆ ಜೋಡಿಸುವಾಗ ಹಳೆಯ ಪೇಸ್ಟ್ ಪೂರ್ತಿ ಒರೆಸಿ ಹೊಸದನ್ನೇ ಹಾಕಬೇಕಾಗುತ್ತದೆ.